ಬಾಟಲಿ ತೆಗೆಯಲು ಕತ್ತಿ ಹಿಡಿಯಬೇಡಿ: ಹುತ್ತರಿ ರಾತ್ರಿ ನನ್ನ ಬೆರಳಿಗೆ ಆದದ್ದು

ಎರಡು ವರ್ಷದ ಹಿಂದಿನ ಹುತ್ತರಿ, ನಮ್ಮ ಕೊಡಗಿನ ಸುಗ್ಗಿ ಹಬ್ಬ. ಮಾದಾಪುರದ ಹತ್ತಿರ ನಮ್ಮ ದೊಡ್ಡಪ್ಪನ ಮನೆ. ಗದ್ದೆಗೆ ಹೋಗಿ ಕದಿರು ತೆಗೆದು, 'ಪೊಲಿ ಪೊಲಿ ದೇವಾ' ಎಂದು ಕೂಗುತ್ತಾ ಮನೆಗೆ ತಂದು, ಪೂಜೆ ಮುಗಿಸಿದ್ದೆವು. ಒಳಗೆ ಹೆಂಗಸರು ತಂಬಿಟ್ಟು ಕಲಸುತ್ತಿದ್ದರು. ನಾವು ಏಳೆಂಟು ಜನ ಅಂಗಳದಲ್ಲಿ ಬೆಂಕಿ ಹಾಕಿಕೊಂಡು ಕೂತಿದ್ದೆವು. ಬಿಯರ್, ಸೋಡಾ ಬಾಟಲಿಗಳನ್ನು ಮಧ್ಯಾಹ್ನವೇ ತೋಡಿನ ನೀರಿನಲ್ಲಿ ಇಟ್ಟಿದ್ದೆವು. ತಂದು ಸಾಲಾಗಿ ಇಟ್ಟಾಯಿತು. ಓಪನರ್ ಎಲ್ಲಿ ಅಂದರೆ ಯಾರಿಗೂ ಗೊತ್ತಿಲ್ಲ.

'ಕತ್ತಿ ಕೊಡಿ, ನಾನು ತೆಗೀತೀನಿ' ಅಂದೆ. ನಾನು ಕುಡಿದಿರಲಿಲ್ಲ, ಇದನ್ನು ಮೊದಲೇ ಹೇಳುತ್ತೇನೆ. ಕುಡಿದವರ ಕೈಗೆ ಮಾತ್ರ ಹೀಗಾಗುತ್ತದೆ ಅಂತ ಓದುವವರು ಅಂದುಕೊಂಡುಬಿಡುತ್ತಾರೆ.

ಕತ್ತಿಯಲ್ಲಿ ಬಾಟಲಿ ತೆಗೆಯುವುದು ನಮ್ಮ ಕಡೆ ಎಲ್ಲರೂ ಮಾಡುವ ಕೆಲಸ. ಎಡಗೈಯಲ್ಲಿ ಬಾಟಲಿಯ ಕುತ್ತಿಗೆಯನ್ನು ಮುಚ್ಚಳದ ಬುಡಕ್ಕೇ ಬಿಗಿಯಾಗಿ ಹಿಡಿಯುವುದು. ತೋರುಬೆರಳಿನ ಮೇಲೆ ಕತ್ತಿಯ ಬೆನ್ನು ಇಟ್ಟು, ಮುಚ್ಚಳದ ಅಂಚಿಗೆ ಕೊಟ್ಟು ಮೇಲಕ್ಕೆ ಎತ್ತುವುದು. ನಾನು ಹತ್ತಾರು ವರ್ಷ ಹಾಗೇ ತೆಗೆದಿದ್ದೆ. ಆವತ್ತು ಮೊದಲೆರಡು ಬಾಟಲಿ ಸಲೀಸಾಗಿ ಬಂದವು. ಮೂರನೆಯದು ಬಿಗಿ ಇತ್ತು. ಕೈ ಒದ್ದೆ, ಬಾಟಲಿ ತಣ್ಣಗೆ. ಸ್ವಲ್ಪ ಜಾಸ್ತಿ ಒತ್ತಿದೆ. ಟಕ್ ಅಂತ ಒಂದು ಸಣ್ಣ ಸದ್ದು. ಮುಚ್ಚಳ ಹಾರಿತು ಅಂದುಕೊಂಡೆ. ಹಾರಿದ್ದು ಮುಚ್ಚಳ ಅಲ್ಲ, ಮುಚ್ಚಳದ ಜೊತೆಗೆ ಬಾಟಲಿಯ ಬಾಯಿಯೇ ಮುರಿದು ಬಂದಿತ್ತು. ಬಿಗಿ ಹಿಡಿದಿದ್ದ ನನ್ನ ಎಡಗೈ ಆ ಮುರಿದ ಗಾಜಿನ ಮೇಲೆ ಜಾರಿತು.

ನೋವು ಆಗಲಿಲ್ಲ. ತೋರುಬೆರಳಿನ ಒಳಬದಿಯಲ್ಲಿ, ಬುಡದಿಂದ ಸ್ವಲ್ಪ ಮೇಲೆ, ಅಡ್ಡಕ್ಕೆ ಒಂದು ಗೆರೆ. ಒಂದು ಇಂಚೂ ಇಲ್ಲ. ಆಮೇಲೆ ರಕ್ತ ಬರಲು ಶುರುವಾಯಿತು.

ಅತ್ತಿಗೆ ಓಡಿಹೋಗಿ ಕಾಫಿ ಪುಡಿ ತಂದು ಗಾಯಕ್ಕೆ ಮೆತ್ತಿದರು. ಪ್ರೀತಿಯಿಂದಲೇ ಮಾಡಿದ್ದು. ನಮ್ಮಲ್ಲಿ ಚಿಕ್ಕಂದಿನಿಂದ ಎಲ್ಲರಿಗೂ ಹಾಗೇ ಮಾಡಿದ್ದಾರೆ. ಆದರೆ ದಯವಿಟ್ಟು ಇನ್ನು ಮಾಡಬೇಡಿ. ಪುಡಿ ಗಾಯದ ಒಳಗೆ ಹೋಗಿ ಕೂರುತ್ತದೆ. ಆಮೇಲೆ ಅದನ್ನು ತೊಳೆದು ತೆಗೆಯುವಷ್ಟರಲ್ಲಿ ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ. ಒಳಗೆ ಗಾಜಿನ ಚೂರು ಇದೆಯಾ ಅಂತ ನೋಡಲೂ ಅದು ಬಿಡುವುದಿಲ್ಲ. ಶುದ್ಧವಾದ ಬಟ್ಟೆ ಇಟ್ಟು ಬಿಗಿಯಾಗಿ ಒತ್ತಿ ಹಿಡಿಯಿರಿ, ಕೈಯನ್ನು ಎದೆಗಿಂತ ಮೇಲೆ ಎತ್ತಿಕೊಳ್ಳಿ, ಅಷ್ಟೇ ಸಾಕು. ದೊಡ್ಡ ಚೂರು ಚುಚ್ಚಿಕೊಂಡು ನಿಂತಿದ್ದರೆ ಕೀಳಬೇಡಿ. ಅದರ ಸುತ್ತ ಬಟ್ಟೆ ಕಟ್ಟಿಕೊಂಡು ಹಾಗೇ ಆಸ್ಪತ್ರೆಗೆ ಹೋಗಿ.

ಆ ರಾತ್ರಿ ಪೇಟೆಯ ಒಂದು ಆಸ್ಪತ್ರೆಗೆ ಹೋದೆವು. ಹಬ್ಬದ ರಾತ್ರಿ, ಇದ್ದವರು ಒಬ್ಬರೇ ಡಾಕ್ಟರು. ಗಾಯ ತೊಳೆದರು, ನಾಲ್ಕು ಹೊಲಿಗೆ ಹಾಕಿದರು, ಟಿಟಿ ಇಂಜೆಕ್ಷನ್ ಕೊಟ್ಟರು. 'ಬೆರಳು ಮಡಚಿ' ಅಂದರು. ಮಡಚಿದೆ. 'ಸರಿ, ಹತ್ತು ದಿನ ಬಿಟ್ಟು ಬನ್ನಿ' ಅಂದರು. ನಮಗೆಲ್ಲ ನಿರಾಳವಾಯಿತು.

ಇಡೀ ಬರಹದಲ್ಲಿ ನಿಮ್ಮ ಮನಸ್ಸಿನಲ್ಲಿ ಉಳಿಯಬೇಕು ಅಂತ ನನಗೆ ಆಸೆ ಇರುವುದು ಈ ಒಂದು ಜಾಗ. ಬೆರಳು ಮಡಚಿತು ಅಂದ ಮಾತ್ರಕ್ಕೆ ಬೆರಳು ಸರಿ ಇದೆ ಅಂತಲ್ಲ.

ಹೊಲಿಗೆ ಬಿಚ್ಚಿದ ದಿನ ಅಂಗಿಯ ಗುಂಡಿ ಹಾಕಲು ಹೋದೆ. ಆಗಲಿಲ್ಲ. ಬೆರಳಿನ ತುದಿಯ ಗೆಣ್ಣು ಕಡ್ಡಿ ಥರ ನೆಟ್ಟಗೆ ನಿಂತಿತ್ತು. ಎರಡು ದಿನ ಬಿಟ್ಟು ಮೈಸೂರಿಗೆ ಹೋದೆ. ಅಲ್ಲಿ ಕೈ ಆಪರೇಷನ್ ಮಾಡುವ ಡಾಕ್ಟರು ನನ್ನ ಬೆರಳಿನ ನಡುವಿನ ಭಾಗವನ್ನು ಗಟ್ಟಿಯಾಗಿ ಹಿಡಿದುಕೊಂಡು, 'ಈಗ ತುದಿ ಮಾತ್ರ ಮಡಚಿ' ಅಂದರು. ಏನು ಮಾಡಿದರೂ ಅಲುಗಲಿಲ್ಲ. ಅವರು ಬಿಡಿಸಿ ಹೇಳಿದರು. ಹೆಬ್ಬೆರಳು ಬಿಟ್ಟು ಪ್ರತಿ ಬೆರಳಿನ ಒಳಬದಿಯಲ್ಲಿ ಎರಡು ಹುರಿಗಳಿರುತ್ತವೆ, ಅದಕ್ಕೆ ಟೆಂಡನ್ ಅಂತಾರೆ. ಒಂದು ನಡುವಿನ ಗೆಣ್ಣನ್ನು ಎಳೆಯುತ್ತದೆ, ಇನ್ನೊಂದು ತುದಿಯ ಗೆಣ್ಣನ್ನು. ನನಗೆ ತುದಿಯದ್ದು ಪೂರ್ತಿ ಕತ್ತರಿಸಿಹೋಗಿತ್ತು. ಇನ್ನೊಂದು ಉಳಿದಿತ್ತು. ಅದಕ್ಕೇ ಆ ರಾತ್ರಿ ಬೆರಳು ಮಡಚಿದ ಹಾಗೆ ಕಂಡಿದ್ದು. ಕತ್ತರಿಸಿದ ಹುರಿ ತಾನಾಗಿ ಕೂಡುವುದಿಲ್ಲ, ಅದರ ತುದಿ ಅಂಗೈ ಕಡೆಗೆ ಜಗ್ಗಿಕೊಂಡು ಹೋಗುತ್ತದೆ. ದಿನ ಕಳೆದಷ್ಟೂ ಹೊಲಿಯುವುದು ಕಷ್ಟ. ಬೆರಳಿನ ಒಂದು ಬದಿಯ ನರವೂ ಕತ್ತರಿಸಿತ್ತು.

ಆ ರಾತ್ರಿಯ ಡಾಕ್ಟರ ಮೇಲೆ ನನಗೆ ಬೇಜಾರಿದೆ. ಒಂದು ನಿಮಿಷದ ಪರೀಕ್ಷೆ ಅದು. ಆದರೆ ನಮಗೆ ಗೊತ್ತಿದ್ದಿದ್ದರೆ ನಾವೇ ಕೇಳಬಹುದಿತ್ತು ಅಲ್ವಾ? ಹಾಗಾಗಿ ಬರೆಯುತ್ತಿದ್ದೇನೆ. ಅಂಗೈಯಲ್ಲಿ ಅಥವಾ ಬೆರಳಿನ ಒಳಬದಿಯಲ್ಲಿ ಗಾಜು ಕೊಯ್ದರೆ, ಪ್ರತಿ ಗೆಣ್ಣನ್ನೂ ಬೇರೆ ಬೇರೆಯಾಗಿ ನೋಡಿ ಅಂತ ಡಾಕ್ಟರನ್ನು ಕೇಳಿ. ಬೆರಳಿನ ತುದಿಯ ಎರಡೂ ಬದಿಗೆ ಮೆಲ್ಲಗೆ ಮುಟ್ಟಿಸಿಕೊಂಡು, ಇನ್ನೊಂದು ಕೈಯಷ್ಟೇ ಗೊತ್ತಾಗುತ್ತಿದೆಯಾ ಗಮನಿಸಿ. ಮನೆಯಲ್ಲಿ ನೀವೇ ಬಲ ಹಾಕಿ ಮಡಚಿ ನೋಡಬೇಡಿ, ಅರ್ಧ ಕತ್ತರಿಸಿದ ಹುರಿ ಪೂರ್ತಿ ಹರಿದುಹೋಗಬಹುದು. ಎಕ್ಸ್‌ರೇ ತೆಗೆಸಿ. ಗಾಜು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ ಅಂತ ಸುಮ್ನೆ ಹೇಳುತ್ತಾರೆ, ಹೆಚ್ಚಿನ ಗಾಜು ಕಾಣುತ್ತದೆ.

ಆಪರೇಷನ್ ಆಯಿತು. ಆರು ವಾರ ಕೈಗೆ ಪಟ್ಟಿ. ಮೂರು ತಿಂಗಳು ಭಾರ ಎತ್ತುವ ಹಾಗಿಲ್ಲ. ನಮ್ಮದು ಮೂರು ಎಕರೆ ಕಾಫಿ ತೋಟ, ಅರೇಬಿಕಾ ಜಾಸ್ತಿ. ಹುತ್ತರಿ ಮುಗಿಯುವುದೂ ಹಣ್ಣು ಕುಯ್ಲು ಜೋರಾಗುವುದೂ ಒಟ್ಟೊಟ್ಟಿಗೆ. ಕೊಯ್ಯುವಾಗ ಎಡಗೈಯಲ್ಲಿ ರೆಂಬೆ ಬಗ್ಗಿಸಿ ಹಿಡಿಯಬೇಕು, ಬಲಗೈಯಲ್ಲಿ ಹಣ್ಣು ಬಿಡಿಸಬೇಕು. ನಾನು ಕಣದ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದೆ. ಹೆಂಡತಿ ಮತ್ತು ವಯಸ್ಸಾದ ಅಮ್ಮ ಕೊಯ್ಯುತ್ತಿದ್ದರು. ಆಳು ಸಿಗದೆ ಕೆಳಗಿನ ಪಟ್ಟಿಯಲ್ಲಿ ಹಣ್ಣು ಒಣಗಿ ನೆಲಕ್ಕೆ ಬಿತ್ತು. ಆಸ್ಪತ್ರೆ ಖರ್ಚಿಗಿಂತ ಅದನ್ನು ನೋಡುವುದು ನನಗೆ ಕಷ್ಟವಾಗಿತ್ತು.

ಹಾಗೆ ಕೂತಿದ್ದಾಗ ಒಂದು ಮುಚ್ಚಳವನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದೆ. ಅದರ ಸುತ್ತ ಹಲ್ಲುಗಳಿವೆ, ಎಣಿಸಿದರೆ 21. ಈ ಮುಚ್ಚಳವನ್ನು ಮಾಡಿದವನು ಅಮೆರಿಕದ ವಿಲಿಯಂ ಪೇಂಟರ್, 1892ರಲ್ಲಿ ಪೇಟೆಂಟ್ ಪಡೆದ. ಎರಡೇ ವರ್ಷಕ್ಕೆ, 1894ರಲ್ಲಿ, ಅದನ್ನು ತೆಗೆಯುವ ಓಪನರಿಗೂ ಅವನೇ ಪೇಟೆಂಟ್ ತೆಗೆದುಕೊಂಡ. ಒಳಗಿನ ಗ್ಯಾಸ್ ಹೊರಗೆ ಬಾರದ ಹಾಗೆ ಅಷ್ಟೂ ಹಲ್ಲು ಗಾಜಿನ ಅಂಚನ್ನು ಕಚ್ಚಿ ಹಿಡಿದಿರುತ್ತವೆ. ಓಪನರಿನ ಒಂದು ತುದಿ ಮುಚ್ಚಳದ ತಲೆಯ ಮೇಲೆ ಕೂರುತ್ತದೆ, ಇನ್ನೊಂದು ತುದಿ ಅಂಚಿನ ಕೆಳಗೆ ಸಿಕ್ಕಿಕೊಳ್ಳುತ್ತದೆ. ಎರಡೂ ಹಿಡಿತ ತಗಡಿನ ಮೇಲೆಯೇ, ನಿಮ್ಮ ಬೆರಳು ಎಲ್ಲೋ ಕೆಳಗೆ. ಕತ್ತಿ ಹಾಕಿದಾಗ ಆಧಾರ ನಿಮ್ಮ ಬೆರಳೇ. ಕತ್ತಿ ಸ್ವಲ್ಪ ಓರೆಯಾದರೂ ಒತ್ತಡ ಗಾಜಿನ ಅಂಚಿನ ಒಂದೇ ಚುಕ್ಕೆಗೆ ಬೀಳುತ್ತದೆ.

ಗಾಜೂ ಹೊಸದಾಗಿರುವುದಿಲ್ಲ. ಬಿಯರ್, ಸೋಡಾ ಬಾಟಲಿಗಳನ್ನು ತೊಳೆದು ಮತ್ತೆ ಮತ್ತೆ ತುಂಬುತ್ತಾರೆ. ಬಾಟಲಿಯ ಭುಜದ ಹತ್ತಿರ ಬೆಳ್ಳಗೆ ತರಿದ ಉಂಗುರ ನೋಡಿರುತ್ತೀರಿ. ಬಾಟಲಿಗೆ ಬಾಟಲಿ ಉಜ್ಜಿ ಆದದ್ದು ಅದು. ಗೀರು ಬಿದ್ದ ಗಾಜು ಗೀರಿನಿಂದಲೇ ಒಡೆಯಲು ಶುರುವಾಗುತ್ತದೆ. ಬಾಯಿಯ ಅಂಚಿನಲ್ಲೂ ಕಣ್ಣಿಗೆ ಕಾಣದ ಬಿರುಕು ಇರಬಹುದು. ನನ್ನ ಮೂರನೆಯ ಬಾಟಲಿಯಲ್ಲಿ ಅಂಥದ್ದೇ ಏನೋ ಇದ್ದಿರಬೇಕು.

ಹಲ್ಲಿನಲ್ಲಿ ತೆಗೆಯುವವರಿಗೆ ಒಂದೇ ಮಾತು. ಹಲ್ಲಿನ ಮೇಲಿನ ಎನಾಮೆಲ್ ಮೈಯಲ್ಲೇ ಎಲ್ಲಕ್ಕಿಂತ ಗಟ್ಟಿ, ಆದರೆ ಒಮ್ಮೆ ಹೋದರೆ ಮತ್ತೆ ಬೆಳೆಯುವುದಿಲ್ಲ. ಚೂರು ಮುರಿದರೆ ಅದನ್ನು ಹಾಲಿನಲ್ಲಿ ಹಾಕಿಕೊಂಡು ಬೇಗ ಹಲ್ಲಿನ ಡಾಕ್ಟರ ಹತ್ತಿರ ಹೋಗಿ. ಬಿರಡೆ ಹಾಕಿದ ವೈನ್ ಬಾಟಲಿಯ ತಳವನ್ನು ಚಪ್ಪಲಿಯಲ್ಲಿಟ್ಟು ಗೋಡೆಗೆ ಕುಟ್ಟುವುದು, ಕುತ್ತಿಗೆಗೆ ಲೈಟರ್ ಹಿಡಿಯುವುದು, ಇವೂ ಬೇಡ. ತಣ್ಣಗಿನ ಗಾಜಿಗೆ ಒಂದೇ ಕಡೆ ಬಿಸಿ ತಾಗಿದರೆ ಸೀಳುತ್ತದೆ.

ಮನೆಯಲ್ಲಿ ಮಾಡಿದ ವೈನ್ ಬಗ್ಗೆ ಬೇರೆಯಾಗಿ ಹೇಳಲೇಬೇಕು. ನಮ್ಮ ಜಿಲ್ಲೆಯಲ್ಲಿ ಅದಿಲ್ಲದ ಮನೆ ಕಡಿಮೆ. ಪ್ಯಾಶನ್ ಫ್ರೂಟ್, ದ್ರಾಕ್ಷಿ, ಶುಂಠಿ, ನೆಲ್ಲಿಕಾಯಿ, ಗಾಂಧಾರಿ ಮೆಣಸು, ಎಲ್ಲದರಲ್ಲೂ ಮಾಡುತ್ತಾರೆ. ಹುಳಿ ಬರುವುದು ಪೂರ್ತಿ ಮುಗಿಯುವ ಮೊದಲೇ ಹಳೆಯ ಬಾಟಲಿಗೆ ತುಂಬಿ ಬಿಗಿ ಬಿರಡೆ ಹಾಕಿದರೆ, ಒಳಗೆ ಉಳಿದ ಸಕ್ಕರೆಯನ್ನು ಈಸ್ಟ್ ತಿನ್ನುತ್ತಲೇ ಇರುತ್ತದೆ, ಗ್ಯಾಸ್ ತುಂಬುತ್ತಲೇ ಇರುತ್ತದೆ. ಏಪ್ರಿಲ್ ಸೆಕೆಗೆ ಇನ್ನೂ ಜಾಸ್ತಿ. ಚಿಕ್ಕಮ್ಮನ ಮನೆಯಲ್ಲಿ ಅಂಥ ಒಂದು ಬಾಟಲಿಯ ಬಿರಡೆಯನ್ನು ಚಾಕುವಿನ ತುದಿಯಿಂದ ಮೀಟಲು ಹೋದರು. ಬಿರಡೆ ಹಾರಿ ಹೆಂಚಿಗೆ ಬಡಿಯಿತು. ಚಿಕ್ಕಮ್ಮ ಅದರ ಮೇಲೆ ಬಗ್ಗಿ ನಿಂತಿದ್ದರೆ ಕಣ್ಣಿಗೇ ಬೀಳುತ್ತಿತ್ತು. ಗುಳ್ಳೆ ಏಳುವುದು ಪೂರ್ತಿ ನಿಲ್ಲುವವರೆಗೆ ಬಿಗಿ ಮುಚ್ಚಳ ಹಾಕಬೇಡಿ. ಅನುಮಾನ ಇದ್ದ ಬಾಟಲಿಯನ್ನು ಮೊದಲು ಚೆನ್ನಾಗಿ ತಣ್ಣಗೆ ಮಾಡಿ, ದಪ್ಪ ಟವೆಲ್ ಸುತ್ತಿ, ಬಾಯಿಯನ್ನು ಯಾರ ಮುಖದ ಕಡೆಗೂ ತಿರುಗಿಸದೆ ಮೆಲ್ಲಗೆ ಸಡಿಲ ಮಾಡಿ.

ಇನ್ನೊಂದು ಮರೆತಿದ್ದೆ. ಬಾಯಿ ಒಡೆದ ಬಾಟಲಿಯಲ್ಲಿ ಇರುವುದನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವವರನ್ನು ನೋಡಿದ್ದೇನೆ. ಆವತ್ತು ನನ್ನನ್ನು ಜೀಪ್ ಹತ್ತಿಸಿದ ಮೇಲೆ ನಮ್ಮವರೇ ಹಾಗೆ ಮಾಡಲು ಹೊರಟಿದ್ದರಂತೆ. ಅಮ್ಮ ಕಿತ್ತುಕೊಂಡು ಚೆಲ್ಲಿದರು. ಸಣ್ಣ ಚೂರು ಬಟ್ಟೆಯಲ್ಲಿ ಸಿಗುವುದಿಲ್ಲ, ಚೆಲ್ಲಿಬಿಡಿ.

ಒಂದು ಓಪನರಿಗೆ ಐವತ್ತು ರೂಪಾಯಿಯೂ ಆಗುವುದಿಲ್ಲ. ಈಗ ನಮ್ಮ ಅಡುಗೆಮನೆಯ ಮೊಳೆಗೆ ಒಂದನ್ನು ದಾರ ಕಟ್ಟಿ ತೂಗುಹಾಕಿದ್ದೇವೆ, ಜೀಪಿನ ಡಬ್ಬದಲ್ಲಿ ಒಂದು, ದೊಡ್ಡಪ್ಪನ ಮನೆಯಲ್ಲಿ ಎರಡು. ಹೋಂಸ್ಟೇ ನಡೆಸುವವರು ಪ್ರತಿ ಕೋಣೆಯಲ್ಲೂ ಒಂದು ಇಡಿ, ಇದು ನನ್ನ ಕಳಕಳಿಯ ಕೋರಿಕೆ. ಬಂದವರು ಓಪನರ್ ಸಿಗದೆ ಮಂಚದ ಅಂಚಿಗೆ, ಬಾಗಿಲ ಚಿಲಕಕ್ಕೆ ಬಾಟಲಿ ಹೊಡೆಯುತ್ತಾರೆ. ಓಪನರ್ ಇಲ್ಲವೇ ಇಲ್ಲ ಅಂದರೆ ಪಕ್ಕದ ಮನೆಗೆ ಯಾರನ್ನಾದರೂ ಕಳಿಸಿ. ಅಲ್ಲೂ ಇಲ್ಲದಿದ್ದರೆ ಆ ಬಾಟಲಿ ನಾಳೆಗೆ ಇರಲಿ.

ನನ್ನ ಬೆರಳು ಈಗ ಮುಕ್ಕಾಲು ಭಾಗ ಮಡಚುತ್ತದೆ. ಹೋದ ಕುಯ್ಲಿಗೆ ನಾನೂ ತೋಟಕ್ಕೆ ಇಳಿದೆ. ರೆಂಬೆ ಹಿಡಿಯಬಲ್ಲೆ. ಆದರೆ ಬೆರಳಿನ ಒಂದು ಬದಿ ಇನ್ನೂ ಜೋಮು ಹಿಡಿದ ಹಾಗೇ ಇದೆ. ಗಿಡದಲ್ಲಿರುವ ಕೆಂಜಿಗ ಅಲ್ಲಿ ಕಚ್ಚಿ ಹಿಡಿದರೂ ನನಗೆ ತಿಳಿಯುವುದಿಲ್ಲ. ಪಕ್ಕದ ಸಾಲಿನಿಂದ ಹೆಂಡತಿ ನೋಡಿ ಹೇಳಬೇಕು.