ಟಿಬಿಯಾ ಮೂಳೆಯೊಳಗಿನ ಟೈಟಾನಿಯಂ ರಾಡ್: ಕೆಲವು ವರ್ಷಗಳ ಬಳಕೆಯ ನಂತರ

ಮೂಡಿಗೆರೆ ಸಮೀಪದ ಕಾಫಿ ತೋಟವೊಂದರಲ್ಲಿ ಮೇಲ್ವಿಚಾರಕನಾಗಿರುವ ನನಗೆ, ಬಲಗಾಲಿನ ಟಿಬಿಯಾ (ಮೊಣಕಾಲಿನ ಕೆಳಗಿನ ದಪ್ಪ ಮೂಳೆ) ಮುರಿದಾಗ ಹಾಕಿದ ಟೈಟಾನಿಯಂ ಮಿಶ್ರಲೋಹದ ಇಂಟರ್‌ಲಾಕಿಂಗ್ ರಾಡ್ (ಮೂಳೆಯ ಟೊಳ್ಳಿನೊಳಗೆ ತೂರಿಸಿ ಸ್ಕ್ರೂಗಳಿಂದ ಬಿಗಿಯುವ ಸರಳು) ಇಂದಿಗೂ ಕಾಲಿನೊಳಗೇ ಇದೆ. ತೋಟದ ಇಳಿಜಾರಿನಲ್ಲಿ ಹತ್ತಿಳಿದದ್ದನ್ನೂ ಮಳೆಗಾಲದ ಜಾರು ನೆಲದಲ್ಲಿ ಊರಿದ ಹೆಜ್ಜೆಗಳನ್ನೂ ಅದು ತಾಳಿಕೊಂಡಿದೆ. ಆದರೂ ರಾಡ್ ಎಷ್ಟು ಗಟ್ಟಿ ಎಂದು ಕೇಳುವವರಿಗೆ, ಅದು ಮೂಳೆ ಕೂಡುವವರೆಗೆ ಭಾರ ಹಂಚಿಕೊಳ್ಳಲು ಮಾಡಿದ ಸಾಧನವೇ ಹೊರತು ಮೂಳೆಗೆ ಬದಲಿಯಲ್ಲ ಎಂದೇ ನಾನು ಹೇಳುತ್ತೇನೆ.

ಅದನ್ನು ಪರೀಕ್ಷಿಸುವ ಕ್ರಮದಿಂದಲೇ ಈ ಮಾತು ಸ್ಪಷ್ಟವಾಗುತ್ತದೆ. ಇಂಥ ರಾಡುಗಳ ಪರೀಕ್ಷೆಗೆಂದು ಎಎಸ್‌ಟಿಎಂ ಎಂಬ ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ ರೂಪಿಸಿದ ಎಫ್ 1264 ಮಾನದಂಡದಂತೆ ರಾಡನ್ನು ಎರಡು ಆಧಾರಗಳ ಮೇಲಿಟ್ಟು, ಮೇಲಿನಿಂದ ಎರಡು ಕಡೆ ಒತ್ತಿ ಬಾಗುವಿಕೆಯನ್ನು ಅಳೆಯುತ್ತಾರೆ, ತಿರುಚಿಯೂ ನೋಡುತ್ತಾರೆ. ಇವುಗಳಲ್ಲಿ ರೋಗಿಗೆ ಹೆಚ್ಚು ಸಂಬಂಧಿಸಿದ್ದು ಲೋಹದ ದಣಿವಿನ ಪರೀಕ್ಷೆ. ಒಮ್ಮೆ ಹೇರಿದ ಭಾರಕ್ಕೆ ಮುರಿಯದ ಲೋಹವೂ ಅದಕ್ಕಿಂತ ಕಡಿಮೆ ಭಾರವನ್ನು ಲಕ್ಷಾಂತರ ಬಾರಿ ಹೊತ್ತಿಳಿಸಿದಾಗ ಸೂಕ್ಷ್ಮವಾಗಿ ಬಿರುಕು ಬಿಟ್ಟು ತುಂಡಾಗಬಲ್ಲದಾದ್ದರಿಂದ, ಸಾಮಾನ್ಯವಾಗಿ 10 ಲಕ್ಷ ಆವರ್ತಗಳವರೆಗೆ ಭಾರ ಹಾಕಿ ತೆಗೆದು ನೋಡುತ್ತಾರೆ. ದಿನಕ್ಕೆ 6,000 ಹೆಜ್ಜೆ ನಡೆಯುವವರ ಒಂದೊಂದು ಕಾಲೂ ವರ್ಷದೊಳಗೆ ಆ ಸಂಖ್ಯೆಯನ್ನು ಮುಟ್ಟುತ್ತದೆ. ಅಷ್ಟರೊಳಗೆ ಮೂಳೆ ಕೂಡಿ ತನ್ನ ಭಾರವನ್ನು ತಾನೇ ವಹಿಸಿಕೊಳ್ಳಬೇಕು. ಕೂಡದಿದ್ದರೆ ಒಳ್ಳೆಯ ರಾಡ್ ಸಹ, ಹೆಚ್ಚಾಗಿ ಸ್ಕ್ರೂ ತೂರಿಸುವ ರಂಧ್ರದ ಬಳಿ, ಮುರಿಯಬಹುದು. ರಾಡ್ ಹಾಕಿದ ಮೇಲೆ ಚಿಂತೆಯಿಲ್ಲವೆಂದು ಎಕ್ಸ್‌ರೇ ತೆಗೆಸುವುದನ್ನೇ ಬಿಡುವವರನ್ನು ಕಂಡರೆ ನನಗೆ ನಿಜಕ್ಕೂ ಕಳವಳವಾಗುತ್ತದೆ. ಪ್ರಯೋಗಾಲಯದ ಅಂಕಿಗಳು ಒಂದು ರಾಡನ್ನು ಇನ್ನೊಂದರೊಡನೆ ಹೋಲಿಸಲು ನೆರವಾಗುತ್ತವೆ. ನಮ್ಮ ದೇಹದೊಳಗೆ ಅದು ಎಷ್ಟು ಕಾಲ ಬಾಳುತ್ತದೆ ಎಂಬುದನ್ನು ಅವು ಹೇಳಲಾರವು.

ಟೈಟಾನಿಯಂ ಬಗ್ಗೆ ನನಗೆ ತೃಪ್ತಿಯಿದೆ. ಅದರ ಸ್ಥಿತಿಸ್ಥಾಪಕ ಗುಣಾಂಕ (ವಸ್ತು ಎಷ್ಟು ಬಿಗುವಾಗಿದೆ ಎಂಬುದರ ಅಳತೆ; ಹೆಚ್ಚಿದಷ್ಟೂ ಬಳುಕು ಕಡಿಮೆ) ಸುಮಾರು 110 ಗಿಗಾಪಾಸ್ಕಲ್, ಸ್ಟೇನ್‌ಲೆಸ್ ಸ್ಟೀಲಿನದು 190ರ ಆಸುಪಾಸು, ಗಟ್ಟಿ ಮೂಳೆಯದು 20ಕ್ಕಿಂತ ತುಸು ಕಡಿಮೆ. ಹೀಗಾಗಿ ಅದೇ ಅಳತೆಯ ಸ್ಟೀಲ್ ರಾಡಿಗಿಂತ ಇದು ಮೂಳೆಯ ಜೊತೆಗೆ ಹೆಚ್ಚು ಬಳುಕಿ, ಮೂಳೆಗೂ ಭಾರದ ಪಾಲನ್ನು ಬಿಟ್ಟುಕೊಡುತ್ತದೆ. ಅಡ್ಡಳತೆಯೂ ಅಷ್ಟೇ ಮುಖ್ಯ: ಘನ ರಾಡಿನ ದಪ್ಪ 9 ಮಿ.ಮೀ.ನಿಂದ 10 ಮಿ.ಮೀ.ಗೆ ಏರಿದರೆ ಬಾಗುವಿಕೆಯನ್ನು ತಡೆಯುವ ಶಕ್ತಿ ಸುಮಾರು ಒಂದೂವರೆ ಪಟ್ಟಾಗುತ್ತದೆ.

ತೊಂದರೆಗಳೂ ಇವೆ. ಮಂಡಿಯೂರಿ ಕೂತರೆ ಮೊಣಕಾಲಿನ ಮುಂಭಾಗ ನೋಯುತ್ತದೆ. ಪಾದದ ಗಂಟಿನ ಮೇಲಿನ ಸ್ಕ್ರೂವಿನ ತಲೆ ಚರ್ಮದಡಿಯಲ್ಲಿ ಕೈಗೆ ಸಿಗುತ್ತದೆ, ಗಮ್ ಬೂಟು ಅದಕ್ಕೆ ಉಜ್ಜುತ್ತದೆ.

ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವವರು ರಾಡಿನ ಅಳತೆ, ಲೋಹ, ತಯಾರಕರ ಹೆಸರು ಮತ್ತು ಬ್ಯಾಚ್ ಸಂಖ್ಯೆ ಇರುವ ಸ್ಟಿಕ್ಕರನ್ನು ತಪ್ಪದೆ ಕೇಳಿ ಪಡೆದು, ಡಿಸ್ಚಾರ್ಜ್ ಪತ್ರದೊಂದಿಗೆ ಇಟ್ಟುಕೊಳ್ಳಬೇಕು. ಮುಂದೆ ತೆಗೆಸುವುದಾದರೆ ಯಾವ ಉಪಕರಣ ಹೊಂದುತ್ತದೆ ಎಂಬುದು ಅದರಿಂದಲೇ ತಿಳಿಯುತ್ತದೆ. ನನ್ನ ಮೂಳೆ ಪೂರ್ತಿ ಕೂಡಿರುವುದರಿಂದ ರಾಡನ್ನು ಹಾಗೆಯೇ ಬಿಡಬಹುದೆಂದು ವೈದ್ಯರು ಹೇಳಿದ್ದಾರೆ. ಈ ವರ್ಷದ ಕಾಫಿ ಕೊಯ್ಲು ಮುಗಿದ ಮೇಲೆ ಕೆಳಗಿನ ಸ್ಕ್ರೂವನ್ನು ಮಾತ್ರ ತೆಗೆಸಲು ನಿರ್ಧರಿಸಿದ್ದೇನೆ.