ಆಮೆಗೆ ‘ಕಂಪ್ಲೀಟ್ ಸೆಟ್’ ಕೊಳ್ಳುವ ಮುಂಚೆ ಒಂದು ಥರ್ಮಾಮೀಟರ್ ಕೊಳ್ಳಿ

ನೀರಾಮೆ ಸಾಕುವವರಿಗೆ ‘ಎಲ್ಲಾ ಸೇರಿದ ಸೆಟ್’ ಅಂತ ಒಂದು ಟ್ಯಾಂಕ್ ಮಾರುತ್ತಾರೆ. ಗಾಜಿನ ತೊಟ್ಟಿ, ಪುಟ್ಟ ಫಿಲ್ಟರ್, ಹತ್ತಿ ಕೂರೋಕೆ ಪ್ಲಾಸ್ಟಿಕ್ ದ್ವೀಪ, ಮೇಲೊಂದು ನೀಲಿ ಲೈಟು, ಜೊತೆಗೆ ಒಂದು ಡಬ್ಬಿ ಒಣ ಸೀಗಡಿ. ಪೆಟ್ಟಿಗೆಯ ಮೇಲೆ ‘ಯುವಿ ಲೈಟ್’ ಅಂತ ದೊಡ್ಡದಾಗಿ ಅಚ್ಚಾಗಿರುತ್ತದೆ. ನೋಡೋಕೆ ಬಹಳ ಚಂದ. ಇಂಥದ್ದೇ ಒಂದು ಸೆಟ್ಟಿನಲ್ಲಿ ನಮ್ಮ ರೆಡ್ ಇಯರ್ಡ್ ಸ್ಲೈಡರ್ ಜಾತಿಯ ಆಮೆ ಸಾಯೋ ಹಂತಕ್ಕೆ ಹೋಗಿ ಬಂತು. ಆ ಲೈಟಿನಲ್ಲಿ ಆಮೆಗೆ ಬೇಕಾದ ಎರಡರಲ್ಲಿ ಒಂದೂ ಇರಲಿಲ್ಲ. ಬಿಸಿಯೂ ಇಲ್ಲ, ಯುವಿಬಿ ಅನ್ನೋ ನೇರಳಾತೀತ ಕಿರಣವೂ ಇಲ್ಲ.

ಮೊದಲು ಕಂಡದ್ದು ಹೊಟ್ಟೆಯ ತೊಂದರೆ. ದಾರಿ ತಪ್ಪಿದ್ದೂ ಅಲ್ಲೇ. ಡಬ್ಬಿಯ ಸದ್ದು ಕೇಳಿದರೆ ಗಾಜಿಗೆ ಮೂತಿ ಒತ್ತಿ ಕಾಲು ಬಡಿಯುತ್ತಿದ್ದ ಪ್ರಾಣಿ, ಪೆಲೆಟ್ (ಗುಳಿಗೆಯಂಥ ಒಣ ಆಹಾರ) ಕಚ್ಚಿ ಉಗುಳೋಕೆ ಶುರು ಮಾಡಿತು. ಹಿಕ್ಕೆಯಲ್ಲಿ ತಿಂದ ಸೀಗಡಿಯ ಚೂರುಗಳು ಹಾಗ್ಹಾಗೇ ಬರುತ್ತಿದ್ದವು. ಆಮೇಲೆ ಹಿಕ್ಕೆ ಹಾಕುವುದೇ ನಿಂತಿತು. ಮಾರಿದವನನ್ನು ಕೇಳಿದರೆ, “ಹೊಟ್ಟೆ ಕಟ್ಟಿದೆ ಅಷ್ಟೇ, ಈ ಡ್ರಾಪ್ಸ್ ನೀರಿಗೆ ಹಾಕಿ, ಸರಿ ಹೋಗುತ್ತೆ” ಅಂದ. ಬಾಟಲಿ ಅರ್ಧ ಮುಗಿಯುವಷ್ಟರಲ್ಲಿ ಆಮೆ ಒಂದು ಪಕ್ಕಕ್ಕೆ ವಾಲಿಕೊಂಡು ತೇಲುತ್ತಿತ್ತು. ಮುಳುಗಬೇಕು ಅಂತ ಮುಂಗಾಲು ಬೀಸೋದು, ತಲೆ ತಗ್ಗಿಸಿ ಅರ್ಧ ಇಳಿಯೋದು, ಅಷ್ಟರಲ್ಲಿ ಹಿಂಬದಿ ಬಲೂನಿನ ಹಾಗೆ ಪುಸಕ್ಕನೆ ಮೇಲೆ ಬರೋದು. ನೋಡೋಕೇ ಆಗುತ್ತಿರಲಿಲ್ಲ.

ಕೊನೆಗೆ ಸರೀಸೃಪಗಳನ್ನು ನೋಡುವ ಪಶುವೈದ್ಯರ ಹತ್ತಿರ ಹೋದೆವು. ಅವರು ಏನು ತಿನ್ನಿಸುತ್ತೀರಿ ಅಂತ ಕೇಳಲೇ ಇಲ್ಲ. “ಅದು ಹತ್ತಿ ಕೂರೋ ಜಾಗದ ಉಷ್ಣತೆ ಎಷ್ಟಿದೆ?” ಅದೇ ಮೊದಲ ಪ್ರಶ್ನೆ. ಎಕ್ಸ್‌ರೇಯಲ್ಲಿ ಶ್ವಾಸಕೋಶ ಸರಿಯಾಗಿತ್ತು. ಕರುಳಿನ ತುಂಬ ಗ್ಯಾಸು, ಅರಗದೆ ಉಳಿದ ಆಹಾರ. ಮನೆಗೆ ಬಂದು ಲೈಟು ಉರಿಯುತ್ತಿರುವಾಗಲೇ ದ್ವೀಪದ ಮೇಲೆ ಥರ್ಮಾಮೀಟರ್ ಇಟ್ಟರೆ 25 ಡಿಗ್ರಿ. ನೀರಿಗೆ ಅದ್ದಿದರೆ ಅದೂ 25. ಮೇಲೆ ಹತ್ತಿದರೂ ಒಂದೇ, ಕೆಳಗಿದ್ದರೂ ಒಂದೇ. ಅದು ಯಾಕೆ ಮೇಲೆ ಹತ್ತಬೇಕು ಹೇಳಿ?

ನಮ್ಮ ಹಾಗೆ ಆಮೆಗೆ ಮೈಯೊಳಗೇ ಬಿಸಿ ಹುಟ್ಟಿಸಿಕೊಳ್ಳೋಕೆ ಬರುವುದಿಲ್ಲ. ತಿಂದದ್ದು ಅರಗಬೇಕಾದರೆ ಹೊರಗಿನಿಂದ ಕಾವು ಸಿಗಲೇಬೇಕು. ಹೊಟ್ಟೆ ತುಂಬಿದ ಮೇಲೆ ಬಿಸಿ ಜಾಗ ಹುಡುಕಿಕೊಂಡು ಹೋಗಿ, ಕಾಲು ಚಾಚಿ ಮೈ ಕಾಯಿಸುತ್ತದಲ್ಲ, ಅದು ಸೋಮಾರಿತನ ಅಲ್ಲ. ಸ್ಲೈಡರ್ ಜಾತಿಗೆ ನೀರು ಸುಮಾರು 24ರಿಂದ 27 ಡಿಗ್ರಿ ಇದ್ದರೆ, ಮೈ ಕಾಯಿಸೋ ಜಾಗ 32ರಿಂದ 35 ಇರಬೇಕು. ಆ ಜಾಗ ಪೂರ್ತಿ ಒಣಗಿರಬೇಕು. ಹೊಟ್ಟೆಯಡಿ ನೀರು ನಿಲ್ಲುವ ದ್ವೀಪದ ಮೇಲೆ ಎಷ್ಟು ಹೊತ್ತು ಕೂತರೂ ಚಿಪ್ಪು ಒಣಗಲ್ಲ, ಶಿಲೀಂಧ್ರ ಹತ್ತೋಕೆ ಅದೇ ಸಾಕು. ಕಾವು ಸಾಲದೆ ಇದ್ದರೆ ಕರುಳಿನ ಕೆಲಸ ನಿಧಾನವಾಗುತ್ತದೆ, ಒಳಗಿರೋದು ಕೊಳೆತು ಗ್ಯಾಸ್ ಕಟ್ಟುತ್ತದೆ. ಅಂಥ ಹೊತ್ತಲ್ಲಿ “ಪಾಪ, ಏನೂ ತಿಂದಿಲ್ಲ” ಅಂತ ಇನ್ನಷ್ಟು ತಿನ್ನಿಸಿದರೆ ಕಷ್ಟ ಜಾಸ್ತಿಯಾಗುತ್ತದೆ. ಡಾಕ್ಟರು ಮೊದಲು ಊಟ ನಿಲ್ಲಿಸಿ, ಬಿಸಿ ಸರಿ ಮಾಡಿ ಅಂದರು. ಡ್ರಾಪ್ಸ್ ಎಸೆಯಿರಿ ಅಂತಲೂ ಹೇಳಿದರು.

ಇನ್ನು ಯುವಿಬಿ. 290ರಿಂದ 315 ನ್ಯಾನೋಮೀಟರ್ ಆಸುಪಾಸಿನ ಈ ಕಿರಣ ಚರ್ಮಕ್ಕೆ ಬಿದ್ದರೆ ಮಾತ್ರ ಆಮೆಯ ಮೈಯಲ್ಲಿ ಡಿ3 ವಿಟಮಿನ್ ತಯಾರಾಗುತ್ತದೆ. ಡಿ3 ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಡಾಕ್ಟರು ಚಿಪ್ಪಿನ ಹಿಂದಿನ ಅಂಚನ್ನು ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿ ತೋರಿಸಿದರು. ಅದು ಬಗ್ಗಿತು. ಅಷ್ಟು ಬೆಳೆದ ಆಮೆಯ ಚಿಪ್ಪು ಬಗ್ಗಬಾರದು. ಆ ಒಣ ಸೀಗಡಿಯೂ ಇದಕ್ಕೆ ತನ್ನ ಪಾಲು ಕೊಟ್ಟಿತ್ತು. ಅದು ಯಾವಾಗಲೋ ಒಮ್ಮೆ ಕೊಡುವ ತಿಂಡಿ, ದಿನದ ಊಟ ಅಲ್ಲ. ಒಳ್ಳೆಯ ಪೆಲೆಟ್, ಬೆಳೆದಂತೆಲ್ಲ ಜಾಸ್ತಿ ಸೊಪ್ಪು, ನೀರಲ್ಲಿ ಕಡಿಯೋಕೆ ಒಂದು ಕಟಲ್ ಬೋನ್ (ಕಟಲ್ ಫಿಶ್ ಅನ್ನೋ ಕಡಲಜೀವಿಯ ಕ್ಯಾಲ್ಸಿಯಂ ತುಂಬಿದ ಚಿಪ್ಪು) ಇದ್ದರೆ ಸಾಕು.

ದುಡ್ಡು ವಾಪಸ್ ಕೇಳೋಕೆ ಮಾರಿದವನ ಹತ್ತಿರ ಹೋದಾಗ ಸಿಕ್ಕ ಉತ್ತರ: “ಯುವಿ ಅಂದ್ರೆ ಯುವಿನೇ, ಎಲ್ಲರೂ ಇದನ್ನೇ ತಗೊಂಡು ಹೋಗ್ತಾರೆ.” ಅದೇ ನನಗೆ ಭಯ. ಎಲ್ಲರೂ ತಗೊಂಡು ಹೋಗುತ್ತಿದ್ದಾರೆ.

ನೀಲಿಯಾಗಿ ಹೊಳೆದ ಮಾತ್ರಕ್ಕೆ ಯುವಿಬಿ ಇದೆ ಅಂತಲ್ಲ. ಕ್ರಿಮಿ ಕೊಲ್ಲುವ ಯುವಿಸಿ ಲ್ಯಾಂಪೂ ‘ಯುವಿ’ ಹೆಸರಲ್ಲೇ ಬರುತ್ತದೆ. ಅದರ ಬೆಳಕು ನೇರವಾಗಿ ಬಿದ್ದರೆ ಆಮೆಗೂ ನಿಮಗೂ ಕಣ್ಣು ಹಾಳು. ಹಾಗಾಗಿ ಸರೀಸೃಪಕ್ಕೆಂದೇ ಮಾಡಿದ ಯುವಿಬಿ ಬಲ್ಬು ತಗೊಳ್ಳಿ. ಕಾವಿಗೆ ಬೇರೆ ಬಲ್ಬು ಇರಲಿ, ನೀರು ಸಿಡಿದು ಒಡೆಯದ ಹಾಗೆ ಕಟ್ಟಿ. ಯುವಿಬಿ ಬಲ್ಬಿಗೂ ಆಮೆಗೂ ನಡುವೆ ಗಾಜು ಬೇಡ, ಅದು ಯುವಿಬಿಯನ್ನು ತಡೆದುಬಿಡುತ್ತದೆ. ಕಿಟಕಿ ಗಾಜಿನ ಹಿಂದಿನ ಬಿಸಿಲು ಪ್ರಯೋಜನ ಇಲ್ಲ ಅನ್ನೋದೂ ಇದಕ್ಕೇ. ಮೇಲಾಗಿ ಬಿಸಿಲಿಗಿಟ್ಟ ಗಾಜಿನ ತೊಟ್ಟಿಯ ನೀರು ಬೇಗ ಕಾದು ಆಮೆ ಬೆಂದೇ ಹೋಗಬಹುದು. ಬಲ್ಬು ಉರಿಯುತ್ತಿದ್ದರೂ 6ರಿಂದ 12 ತಿಂಗಳಲ್ಲಿ ಅದರ ಯುವಿಬಿ ಇಳಿದುಹೋಗಿರುತ್ತದೆ. ಕಣ್ಣಿಗೆ ಅದು ಗೊತ್ತಾಗಲ್ಲ, ಸುಮ್ನೆ ತಾರೀಖು ಬರೆದಿಟ್ಟು ಬದಲಾಯಿಸಿ.

ವಾಲಿಕೊಂಡು ತೇಲೋದು ಗ್ಯಾಸಿನಿಂದಲೂ ಆಗಬಹುದು, ನ್ಯುಮೋನಿಯಾದಿಂದಲೂ ಆಗಬಹುದು. ಜೊತೆಗೆ ಮೂಗಲ್ಲಿ ಗುಳ್ಳೆ ಬಂದರೆ, ಬಾಯಿ ತೆರೆದು ಉಸಿರಾಡಿದರೆ, ಕಣ್ಣು ಊದಿದರೆ ಮಾರಿದವರಿಗೆ ಫೋನ್ ಮಾಡುತ್ತಾ ಕೂರಬೇಡಿ. ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಎಕ್ಸ್‌ರೇ ಮಾಡಿಸಿ.