ಬಸುರಿಯ ಕಾಫಿಗೆ ಸಕ್ಕರೆಯೋ, ಸಿಹಿ ಗುಳಿಗೆಯೋ?

ಬಸುರಿನಲ್ಲಿ ಸಕ್ಕರೆ ಬಿಟ್ಟು, ಸಕ್ಕರೆಯಿಲ್ಲದೆ ಸಿಹಿ ಕೊಡುವ ಗುಳಿಗೆ ಹಾಕಿಕೊಂಡರೆ ಮಗುವಿಗೆ ಒಳ್ಳೆಯದು ಅಂದುಕೊಳ್ಳುವವರು ಜಾಸ್ತಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ.

ಸಕ್ಕರೆಯ ವಿಷಯದಲ್ಲಿ ಪುರಾವೆ ಗಟ್ಟಿಯಾಗಿದೆ. ಬ್ರಿಟನ್ನಿನಲ್ಲಿ ಯುದ್ಧಕಾಲದ ಸಕ್ಕರೆ ರೇಷನ್ (ಒಬ್ಬರಿಗೆ ಇಷ್ಟೇ ಅನ್ನುವ ಮಿತಿ) 1953ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಜನ ತಿನ್ನುವ ಸಕ್ಕರೆ ಹೆಚ್ಚುಕಡಿಮೆ ದುಪ್ಪಟ್ಟಾಯಿತು. ಹೊಟ್ಟೆಯಲ್ಲಿದ್ದಾಗ ಮತ್ತು ಹುಟ್ಟಿದ ಹೊಸತರಲ್ಲಿ ರೇಷನ್ ಕಂಡಿದ್ದ ಮಕ್ಕಳಿಗೆ, ದೊಡ್ಡವರಾದ ಮೇಲೆ ಟೈಪ್ 2 ಡಯಾಬಿಟಿಸ್ ಅಪಾಯ ಸುಮಾರು 35%, ಬಿಪಿ ಅಪಾಯ ಸುಮಾರು 20% ಕಡಿಮೆ ಇತ್ತೆಂದು 2024ರ ಅಧ್ಯಯನವೊಂದು ತೋರಿಸಿತು. ಬೆಲ್ಲ ಬೇರೆ ಅನ್ನಬೇಡಿ. ರಕ್ತಕ್ಕೆ ಸೇರಿದ ಮೇಲೆ ಅದೂ ಸಕ್ಕರೆಯೇ.

ಗುಳಿಗೆ, ಡಯಟ್ ಕೋಲಾಗಳಿಂದ ರಕ್ತದ ಸಕ್ಕರೆ ತಟ್ಟನೆ ಏರುವುದಿಲ್ಲ. ಬಸುರಿನಲ್ಲಿ ಶುಗರ್ ಬಂದವರಿಗೆ ಇದು ನಿಜವಾದ ಅನುಕೂಲ. ಆದರೆ ಕೆನಡಾದಲ್ಲಿ 3,000ಕ್ಕೂ ಹೆಚ್ಚು ತಾಯಿ-ಮಕ್ಕಳನ್ನು ಗಮನಿಸಿದಾಗ, ದಿನಾ ಇಂಥ ಪಾನೀಯ ಕುಡಿದವರ ಮಕ್ಕಳಲ್ಲಿ ಒಂದು ವರ್ಷಕ್ಕೇ ಅತಿತೂಕದ ಸಾಧ್ಯತೆ ದುಪ್ಪಟ್ಟು ಕಂಡಿತು. ಇದು ನಂಟು ಅಷ್ಟೇ, ಕಾರಣ ಅಂತ ಸಾಬೀತಾಗಿಲ್ಲ. ಮೊದಲೇ ತೂಕ ಜಾಸ್ತಿ ಇರುವವರು ಡಯಟ್ ಪಾನೀಯ ಹುಡುಕುವುದೂ ಸಹಜ, ಅಲ್ವಾ?

ಗುಳಿಗೆಗಳಲ್ಲೂ ವ್ಯತ್ಯಾಸವಿದೆ. ಪಿಕೆಯು (ಪ್ರೋಟೀನಿನ ಒಂದು ಅಂಶವನ್ನು ದೇಹ ಅರಗಿಸಿಕೊಳ್ಳಲಾಗದ ಹುಟ್ಟುಕಾಯಿಲೆ) ಇರುವವರು ಆಸ್ಪರ್ಟೇಮ್ ಎಂಬ ಸಿಹಿ ಪದಾರ್ಥವಿರುವ ಗುಳಿಗೆ ಮುಟ್ಟಲೇಬಾರದು. ಸ್ಯಾಕರಿನ್ ಎಂಬ ಇನ್ನೊಂದು ಸಿಹಿ ಪದಾರ್ಥ ಮಾಸು ದಾಟಿ ಮಗುವನ್ನು ಸೇರುತ್ತದೆ, ಅದನ್ನು ಬಿಟ್ಟುಬಿಡಿ.

ಶುಗರ್ ತೊಂದರೆ ಇಲ್ಲದಿದ್ದರೆ ನನ್ನ ಮತ ಸ್ವಲ್ಪವೇ ಸಕ್ಕರೆಗೆ: ಕಾಫಿಗೆ ಎರಡು ಚಮಚದ ಬದಲು ಅರ್ಧ, ಬಾಯಾರಿದರೆ ಕೋಲಾ ಬದಲು ನೀರುಮಜ್ಜಿಗೆ. ಶುಗರ್ ಇದ್ದರೆ ಯಾವ ಗುಳಿಗೆ, ಎಷ್ಟು ಅಂತ ಡಾಕ್ಟರನ್ನೇ ಕೇಳಿ, ಸುಮ್ನೆ ಅಂಗಡಿಯಿಂದ ತರಬೇಡಿ.